ಮೂರು ಹೆಸರಿನಲ್ಲೂ ಉಣುಗಿಲ್ಲ

ದೀಪಾವಳಿ ಕಳೆದು ಇಬ್ಬನಿ ಬೀಳತೊಡಗಿದರೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಾಡಂಚಿನ ಮನೆಗಳಲ್ಲಿ ಕೈತುಂಬ ಕೆಲಸ. ಅಡಿಕೆ ಕೊಯ್ಲು, ಗದ್ದೆ ಕೊಯ್ಲು, ಒಲೆಗೆ ಕಟ್ಟಿಗೆ, ಕೊಟ್ಟಿಗೆಗೆ ಹಾಸಲು ತರಗೆಲೆ. ಅದೇ ಹೊತ್ತಿಗೆ ಕಾಡಿನ ಒಣ ಎಲೆಗಳಡಿ ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗುಗಳು ಓಡಾಡತೊಡಗುತ್ತವೆ. ಮಳೆಗಾಲ ಹಿಡಿಯುವ ತನಕ ಅವುಗಳದೇ ಕಾಲ. ಅವು ಕಚ್ಚಿ ಬರುವ ಜ್ವರವನ್ನು ನಾವು ಮಂಗನ ಕಾಯಿಲೆ ಎನ್ನುತ್ತೇವೆ.

ಈ ಹೆಸರಿನ ಮೇಲೆ ನನಗೆ ತಕರಾರಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಪೀತಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಅನುಮಾನ ಮೊದಲು ತಜ್ಞರಿಗೂ ಬಂದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಪತ್ತೆ ಮಾಡಿ, ಅದು ಉಣುಗಿನ ಮೂಲಕ ಬರುತ್ತದೆಂದು ತೋರಿಸಿಕೊಟ್ಟರು. ವಿಜ್ಞಾನಿಗಳು ಊರಿನ ಹೆಸರು ಹಿಡಿದು ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಕಡತಗಳಲ್ಲಿ ಅದು ಕೆಎಫ್‌ಡಿ ಆಯಿತು. ಜನ ತಾವು ಕಂಡದ್ದನ್ನು ಹಿಡಿದು ಮಂಗನ ಕಾಯಿಲೆ ಎಂದರು. ಮೂರು ಹೆಸರಿನಲ್ಲೂ ಉಣುಗು ಇಲ್ಲ.

ಮಂಗಕ್ಕೂ ಈ ರೋಗ ಬರುವುದು ಉಣುಗು ಕಚ್ಚಿಯೇ. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ಅಲ್ಲೇ ಸುತ್ತ ಹರಡುತ್ತವೆ. ಆ ಜಾಗಕ್ಕೆ ಸೌದೆಗೋ ಸೊಪ್ಪಿಗೋ ಹೋದವರಿಗೆ ಅವು ಹತ್ತುತ್ತವೆ. ಹಾಗಾಗಿ ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದು ನಮಗೆ ಬಂದ ಮುನ್ಸೂಚನೆ. ಅದನ್ನು ಮುಟ್ಟಬಾರದು, ಆ ಕಡೆ ಹೋಗಬಾರದು, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಬೇಕು. ಇಷ್ಟು ಹೇಳಿದರೆ ಅರ್ಥವಾಗುತ್ತದೆ. ಬರೀ ‘ಮಂಗನ ಕಾಯಿಲೆ, ಎಚ್ಚರಿಕೆ’ ಎಂದು ಬರೆದರೆ ಓದಿದವರು ಮಂಗನಿಗೆ ಹೆದರುತ್ತಾರೆ. ನಮ್ಮೂರಲ್ಲಿ ಮಂಗ ಸತ್ತಿಲ್ಲವಲ್ಲ ಎಂದುಕೊಂಡವರು ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚದೆ ಕಾಡಿಗೆ ಹೋಗುತ್ತಾರೆ. ಇಬ್ಬರೂ ಉಣುಗನ್ನು ಮರೆತಿರುತ್ತಾರೆ.

ಹೊಸ ರೋಗಕ್ಕೆ ಪ್ರಾಣಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿತು. 2022ರಲ್ಲಿ ಮಂಕಿಪಾಕ್ಸ್ ಸುದ್ದಿಯಾದಾಗ ಅದರ ಹೆಸರನ್ನೂ ಎಂಪಾಕ್ಸ್ ಎಂದು ಬದಲಿಸಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ರೋಗಗಳ ಹೆಸರಿನಲ್ಲೂ ಮಂಗ ಇದ್ದರೆ ಗೊಂದಲ ಜನರ ತಪ್ಪಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಬಾಯಲ್ಲಿ ಉಳಿದ ಹೆಸರನ್ನು ಒಂದು ಆದೇಶ ಹೊರಡಿಸಿ ಅಳಿಸಲಾಗದು, ನಿಜ. ಆದರೆ ಹೇಳುವಾಗಲೆಲ್ಲ ‘ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ’ ಎಂದು ಹೇಳಬಹುದು. ಉಣುಗು ಎಂದೇ ಹೇಳಬೇಕು. ಕರಪತ್ರದಲ್ಲಿ ಉಣ್ಣೆ ಎಂದು ಬರೆದರೆ ಪೇಟೆಯಲ್ಲಿ ಓದಿ ಬಂದ ಮಕ್ಕಳಿಗೆ ಕಂಬಳಿ ನೆನಪಾಗುತ್ತದೆ. ‘ರೋಗವಾಹಕ ಪರೋಪಜೀವಿ’ ಎಂದು ಬರೆದರೆ ಯಾರಿಗೂ ಏನೂ ನೆನಪಾಗುವುದಿಲ್ಲ.

ಕಾಡಿಗೆ ಹೋಗಬೇಡಿ ಎಂಬ ಸಲಹೆಯೂ ಹೀಗೆಯೇ. ಬೆಟ್ಟದ ಸೊಪ್ಪಿಲ್ಲದೆ ತೋಟವಿಲ್ಲ, ದನ ಮೇಯಿಸದೆ ಹಾಲಿಲ್ಲ, ಸೌದೆ ತಾರದೆ ಬಚ್ಚಲೊಲೆ ಉರಿಯದು. ಹೋಗಲೇಬೇಕಾದವರಿಗೆ ಹೋಗಬೇಡಿ ಎಂದರೆ ಮುಂದಿನ ಮಾತು ಅವರ ಕಿವಿಗೆ ಬೀಳುವುದಿಲ್ಲ. ಹೋಗುವಾಗ ಹೀಗೆ ಮಾಡಿ ಎಂದರೆ ಕೇಳುತ್ತಾರೆ. ಕೈಕಾಲು, ಕುತ್ತಿಗೆಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮೈಮುಚ್ಚುವ ಬಟ್ಟೆ ಹಾಕಿ. ಎಲೆಗಳ ಮೇಲೆ ಕೂರಬೇಡಿ, ಮಲಗಬೇಡಿ. ಬಂದವರೇ ಬಿಸಿನೀರಲ್ಲಿ ಸೋಪು ಹಚ್ಚಿ ಮೀಯಿರಿ, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಇದ್ದ ಕಡೆಯ ತರಗೆಲೆಯನ್ನು ಮಾತ್ರ ಕೊಟ್ಟಿಗೆಗೆ ತರಲೇಬೇಡಿ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ರೂಪಿಸಿದ ಆ ಎಣ್ಣೆಯನ್ನು ಸರ್ಕಾರವೇ ಹಂಚುತ್ತದೆ. ಬಾಟಲಿ ಕೈಗಿಟ್ಟು ಹೋದರೆ ಅದು ಗೂಡಿನಲ್ಲಿ ಕೂರುತ್ತದೆ. ಯಾವಾಗ, ಎಲ್ಲೆಲ್ಲಿ ಹಚ್ಚಬೇಕೆಂದು ಆಶಾ ಕಾರ್ಯಕರ್ತೆ ಜಗುಲಿಯಲ್ಲಿ ಕೂತು ಹಚ್ಚಿ ತೋರಿಸಿದರೆ ಅದು ಬಳಕೆಗೆ ಬರುತ್ತದೆ. ಆಕೆಗೆ ಅಷ್ಟು ಹೊತ್ತು ಕೂರಲು ಪುರುಸೊತ್ತು ಕೊಡುವುದು ಮೇಲಿನವರ ಕೆಲಸ.

ಲಸಿಕೆಯ ಕಥೆ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದ್ದು. ಹಳೆಯ ಲಸಿಕೆಯೆಂದರೆ ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಇನ್ನೊಂದು, ಆಮೇಲೆ ವರ್ಷ ವರ್ಷವೂ ಮತ್ತೆ. ಚುಚ್ಚಿದ ಕಡೆ ನೋವು ಜಾಸ್ತಿ ಇತ್ತು. ಒಂದು ಹಾಕಿಸಿಕೊಂಡು ಬಿಟ್ಟವರಿದ್ದರು. 2005ರಿಂದ 2010ರವರೆಗಿನ ಮಾಹಿತಿ ಪರಿಶೀಲಿಸಿದ ಅಧ್ಯಯನದಲ್ಲಿ ಒಂದೇ ಚುಚ್ಚುಮದ್ದಿನಿಂದ ರಕ್ಷಣೆ ಕಾಣಲಿಲ್ಲ. ಎರಡಾದರೆ ಶೇ 62ರಷ್ಟು, ಮೂರನೆಯದೂ ಆದರೆ ಶೇ 83ರಷ್ಟು ಕಂಡಿತ್ತು. ಒಂದು ಸಾಲದು, ಮೂರೂ ಆದರೂ ಪೂರ್ತಿ ಕಾಪಾಡದು, ಎಣ್ಣೆ ಬಿಡಬೇಡಿ: ಇಷ್ಟನ್ನು ಎದುರಿಗೆ ಕೂತು ಹೇಳಬೇಕಿತ್ತು. ಹಾಗೆ ಹೇಳದಿದ್ದರೆ, ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂದ ದಿನ ಜನ ಲಸಿಕೆಯ ಜತೆಗೆ ಹೇಳಿದವರನ್ನೂ ನಂಬುವುದಿಲ್ಲ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ರೋಗ ಉಲ್ಬಣಿಸಿ ಮನೆಮನೆಯಲ್ಲಿ ಜ್ವರ, ಸಾವು ಕಂಡಾಗ ಮಲೆನಾಡೇ ತಲ್ಲಣಿಸಿತು. 2022ರ ಹೊತ್ತಿಗೆ ಆ ಹಳೆಯ ಲಸಿಕೆಯ ಬಳಕೆ ನಿಂತಿತು. ಹೊಸದರ ತಯಾರಿ ಆಮೇಲೆ ಶುರುವಾಯಿತು.

ಈ ರೋಗಕ್ಕೆಂದೇ ಔಷಧಿಯೂ ಇಲ್ಲ. ಆಸ್ಪತ್ರೆಯಲ್ಲಿ ರೋಗಿಯ ನೀರಿನಂಶ ಕಾಪಾಡಿ, ರಕ್ತಸ್ರಾವವಾದರೆ ಅದಕ್ಕೆ ಚಿಕಿತ್ಸೆ ಕೊಡುತ್ತಾರೆ. ಆದ್ದರಿಂದಲೇ ಬೇಗ ಹೋಗುವುದು ಮುಖ್ಯ. ಕಾಡಿಗೆ ಹೋಗಿ ಬಂದ ಮೂರರಿಂದ ಎಂಟು ದಿನಗಳಲ್ಲಿ ದಿಢೀರ್ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಅಂಗಡಿ ಮಾತ್ರೆ ನುಂಗಿ ಕಾಯದೆ ರಕ್ತ ಪರೀಕ್ಷೆ ಮಾಡಿಸಬೇಕು. ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹಾಗಾಗಿ ರೋಗಿಯ ಮನೆಗೆ ಹೋಗಲು, ಗಂಜಿ ಕಾಯಿಸಿ ಕೊಡಲು ಯಾರೂ ಹಿಂಜರಿಯಬೇಕಿಲ್ಲ. ಈ ಕೊನೆಯ ಮಾತನ್ನು ಕರಪತ್ರದ ತಳದಲ್ಲಿ ಸಣ್ಣಕ್ಷರದಲ್ಲಿ ಹಾಕಬಾರದು.

ಇದೆಲ್ಲವನ್ನೂ ಜನವರಿಯಲ್ಲಿ, ಜ್ವರ ಬಂದ ಮೇಲೆ, ಹೇಳಿ ಫಲವಿಲ್ಲ. ದೀಪಾವಳಿಗೂ ಮುನ್ನ, ಭೂಮಿ ಹುಣ್ಣಿಮೆಯ ಹೊತ್ತಿಗೇ ಹಾಲಿನ ಡೈರಿಯಲ್ಲಿ, ಸೊಸೈಟಿಯಲ್ಲಿ, ಭದ್ರಾವತಿ ಆಕಾಶವಾಣಿಯಲ್ಲಿ ಹೇಳಬೇಕು. ಕಾಡಂಚಿನಲ್ಲಿ ನಿಮ್ಮ ನೆಂಟರಿದ್ದರೆ, ಈ ಸಲ ಹಬ್ಬಕ್ಕೆ ಫೋನ್ ಮಾಡಿದಾಗ ಮನೆಗೆ ಎಣ್ಣೆ ಬಂತೇ, ಹಚ್ಚಿಕೊಳ್ಳುತ್ತಿದ್ದೀರಾ ಎಂದು ಕೇಳಿ.