ಕೋತಿಗಳ ಕಲ್ಲಾಟ

ಜಪಾನಿನ ಕ್ಯೋಟೊ ನಗರದಲ್ಲಿ ಅರಾಶಿಯಾಮ ಅನ್ನೋ ಬೆಟ್ಟದ ಪ್ರದೇಶವಿದೆ. 1979ರಲ್ಲಿ ಮೈಕೆಲ್ ಹಫ್‌ಮನ್ ಎಂಬ ಸಂಶೋಧಕರು ಅಲ್ಲೊಂದು ಎಳೆ ಹೆಣ್ಣು ಕೋತಿಯನ್ನು ಗಮನಿಸಿದರು. ಕಾಡಿನಿಂದ ಚಪ್ಪಟೆ ಕಲ್ಲು ತರೋದು, ಒಂದರ ಮೇಲೊಂದು ಪೇರಿಸೋದು, ಅಂಗೈಯಿಂದ ಕೆಡವೋದು. ಥೇಟ್ ನಮ್ಮ ಲಗೋರಿ ಥರ!

ಇದರಿಂದ ಹೊಟ್ಟೆಗೇನೂ ಸಿಗಲ್ಲ. ಆದರೂ ಆಟ ಮೊದಲು ಓರಗೆಯ ಮರಿಗಳಿಗೆ, ಆಮೇಲೆ ತಾಯಿಯಿಂದ ಮಕ್ಕಳಿಗೆ ಹರಡಿತು. 1983ರ ಹೊತ್ತಿಗೆ ಗುಂಪಿನ ದಿನಚರಿಯೇ ಆಗಿಬಿಟ್ಟಿತ್ತು.

ಆದರೆ, ಆಟ ಶುರುವಾದಾಗ ಐದು ವರ್ಷ ದಾಟಿದ್ದ ಕೋತಿಗಳು ಅದನ್ನು ಕಲಿಯಲೇ ಇಲ್ಲ. ಚಿಕ್ಕಂದಿನಲ್ಲಿ ಕಲಿತವು ದೊಡ್ಡವಾದ ಮೇಲೂ ಬಿಡಲಿಲ್ಲ.

ಮನೆಯಲ್ಲಿ ಮಗು ಸುಮ್ನೆ ಕಲ್ಲು ಜೋಡಿಸ್ತಾ ಕೂತಿದ್ರೆ, ಟ್ಯೂಷನ್‌ಗೆ ಎಬ್ಬಿಸೋ ಮುಂಚೆ ಸ್ವಲ್ಪ ತಡೀರಿ. ಟ್ಯೂಷನ್ ನಾಳೆಯೂ ಇರುತ್ತೆ. ಆಟ ಕಲಿಯೋಕೆ ಒಂದು ವಯಸ್ಸಿದೆ.