ಸ್ಪೈವೇರ್ ತೆಗೆದ ಮೇಲೆ ನೆಟ್ ಯಾಕೆ ಹೋಗುತ್ತೆ? ರಿಪೇರಿಗೆ ಮುಂಚೆ ಒಂದು ನಿಮಿಷ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಅಂದ್ರೆ ಡೊಂಬಿವಿಲಿಯಿಂದ ಠಾಣೆವರೆಗೆ ಒಂದೇ ಕಾಲಲ್ಲಿ ನಿಂತು ಹೋಗೋ ನಮ್ಮಂಥವರಿಗೆ, ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಲ್ಯಾಪ್‌ಟಾಪ್‌ನಲ್ಲಿ ನೆಟ್ ಇಲ್ಲದಾಗ ಫೋನ್‌ನಲ್ಲೇ ಓದಬೇಕಾದ ವಿಷಯ ಇದು. ಅದಕ್ಕೇ ಸೇವ್ ಮಾಡಿ ಇಟ್ಕೊಳ್ಳಿ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಅಕ್ಕನ ಮಗ ಫೋನ್ ಮಾಡಿದ. ಕಲ್ಯಾಣ್ ಪಶ್ಚಿಮದಲ್ಲಿ ಇಬ್ಬರು ಸ್ನೇಹಿತರ ಜೊತೆ ಬಾಡಿಗೆ ಮನೆ, ಐರೋಲಿಯಲ್ಲಿ ಕೆಲಸ, ಇನ್ನೂ ಪ್ರೊಬೇಷನ್. ಕಂಪನಿ ಲ್ಯಾಪ್‌ಟಾಪ್ ಕೈಗೆ ಬಂದಿರಲಿಲ್ಲ, ಸ್ವಂತದ್ದರಲ್ಲೇ ಆಫೀಸ್ ಮೇಲ್ ತೆಗೀತಿದ್ದ.

"ಮಾಮಾ, ಲ್ಯಾಪ್‌ಟಾಪ್‌ನ್ಯಾಗ ನೆಟ್ ಬರವಲ್ತು. ಮುಂಜಾನೆ ಏಳಕ್ಕ ಲಾಗಿನ್ ಐತಿ."

ಆಗಿದ್ದಿಷ್ಟು. ಯಾವುದೋ ಪುಕ್ಕಟೆ ಪಿಡಿಎಫ್ ಕನ್ವರ್ಟರ್ ಹಾಕಿಕೊಂಡಿದ್ದ. ಆವತ್ತಿಂದ ಯಾವ ಪೇಜ್ ತೆರೆದರೂ ಜಾಹೀರಾತು. ಒಂದು ಆಂಟಿ-ಸ್ಪೈವೇರ್ ಓಡಿಸಿದ, ಅದು ಉದ್ದ ಪಟ್ಟಿ ತೋರಿಸಿತು, "ಎಲ್ಲಾ ತೆಗೆ" ಅಂತ ಒತ್ತಿದ, ರೀಸ್ಟಾರ್ಟ್ ಮಾಡಿದ. ಜಾಹೀರಾತೂ ಹೋಯ್ತು, ನೆಟ್ಟೂ ಹೋಯ್ತು. ವೈ-ಫೈ ಗುರುತು ಮಾತ್ರ ಪೂರ್ತಿ ಇದೆ.

ಕೇಬಲ್‌ನವನಿಗೆ ಮೂರು ಸಲ ಫೋನ್ ಮಾಡಿದ್ದ. "ಇಕಡೂನ್ ಸಗಳಂ ಠೀಕ್ ಆಹೇ" ಅಂತ ಮೂರೂ ಸಲ ಒಂದೇ ಉತ್ತರ. ಆಮೇಲೆ ಫೋನ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ ಸಿಕ್ಕಿದ ನಂಬರಿಗೆ ಕರೆ ಮಾಡಿದ್ದ. ಅಲ್ಲಿದ್ದ ಮನುಷ್ಯ, ಫೋನ್‌ನಲ್ಲಿ ಸ್ಕ್ರೀನ್ ತೋರಿಸೋ ಆ್ಯಪ್ ಹಾಕು, ಐನೂರು ರೂಪಾಯಿ ಕಳಿಸು ಅಂದಿದ್ದ. ಪುಣ್ಯಕ್ಕೆ ಅಲ್ಲಿ ಹಿಂಜರಿದು ನನಗೆ ಫೋನ್ ಹಚ್ಚಿದ. ಇಂಥ ಸ್ಕ್ರೀನ್ ಹಂಚಿಕೆ ಆ್ಯಪ್ ಮೂಲಕ ಖಾತೆ ಖಾಲಿ ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಎನಿಡೆಸ್ಕ್ ಹೆಸರೆತ್ತಿ ಎಚ್ಚರಿಸಿತ್ತು. ನೆಟ್ ಹೋದ ರಾತ್ರಿ ಮನುಷ್ಯ ಗಾಬರಿಯಲ್ಲಿರ್ತಾನೆ, ಮೋಸಗಾರರಿಗೆ ಬೇಕಾಗಿರೋದೂ ಅದೇ.

ಈಗ ವಿಷಯಕ್ಕೆ ಬರೋಣ. ಕಸ ಗುಡಿಸಿದರೆ ಮನೆ ಯಾಕೆ ಬೀಳಬೇಕು?

ಸ್ಪೈವೇರ್ ಸುಮ್ಮನೆ ಒಂದು ಮೂಲೆಯಲ್ಲಿ ಕೂತಿರಲ್ಲ. ನಿಮ್ಮ ಬ್ರೌಸರ್‌ನಿಂದ ಹೊರಗಿನ ಜಗತ್ತಿಗೆ ಹೋಗೋ ದಾರಿಯ ನಡುವೆ ಕೂರುತ್ತೆ. ಹೋಗೋದೆಲ್ಲ ನನ್ನ ಮುಂದೇನೇ ಹೋಗಲಿ ಅಂತ ವಿಂಡೋಸ್‌ನ ಸೆಟ್ಟಿಂಗ್ ತಿದ್ದಿ ಇಡುತ್ತೆ. ಆಂಟಿ-ಸ್ಪೈವೇರ್ ಬಂದು ಅದರ ಫೈಲ್ ಅಳಿಸುತ್ತೆ. ಆದರೆ ತಿದ್ದಿದ ಸೆಟ್ಟಿಂಗ್ ಹಾಗೇ ಉಳಿದುಬಿಡಬಹುದು. ಹನ್ನೆರಡು ಡಬ್ಬಾದ ಲೋಕಲ್‌ನಲ್ಲಿ ನಡುವಿನ ಒಂದು ಡಬ್ಬಾ ಕಿತ್ತು, ಉಳಿದವಕ್ಕೆ ಕೊಂಡಿ ಹಾಕದೇ ಬಿಟ್ಟ ಹಾಗೆ. ಗಾಡಿ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರೋದು ಕಾಣುತ್ತೆ, ಹೊರಡಲ್ಲ.

ಇದು ಹಳೇ ಕಾಯಿಲೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಾಜಾದಂಥ ಪುಕ್ಕಟೆ ಪ್ರೋಗ್ರಾಂಗಳ ಜೊತೆ ನ್ಯೂ ಡಾಟ್ ನೆಟ್ ಅನ್ನೋ ಒಂದು ತುಣುಕು ಬರ್ತಿತ್ತು. ಅದು ವಿನ್‌ಸಾಕ್ ಅನ್ನೋ ಸರಪಳಿಯಲ್ಲಿ ಒಂದು ಕೊಂಡಿಯಾಗಿ ಸೇರಿಕೊಳ್ತಿತ್ತು. ಅದರ ಫೈಲನ್ನಷ್ಟೇ ಅಳಿಸಿದರೆ ಇಡೀ ಸರಪಳಿ ತುಂಡು. ಕಡಿದ ಸರಪಳಿ ಜೋಡಿಸೋಕೆ ಅಂತಲೇ ಎಲ್‌ಎಸ್‌ಪಿ-ಫಿಕ್ಸ್ ಅನ್ನೋ ಪುಟ್ಟ ಪ್ರೋಗ್ರಾಂ ಓಡಾಡ್ತಿತ್ತು. 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಬಂದಾಗ ಮೈಕ್ರೋಸಾಫ್ಟೇ ಇದಕ್ಕೊಂದು ಆಜ್ಞೆ ಕೊಟ್ಟಿತು. ಅದು ಇವತ್ತಿನ ವಿಂಡೋಸ್ 11ರಲ್ಲೂ ಇದೆ, ಮುಂದೆ ಹೇಳ್ತೀನಿ.

ಹುಡುಕೋ ಕ್ರಮ ಹೀಗಿರಲಿ. ಒಂದೊಂದಾಗಿ ಮಾಡಿ. ಎಲ್ಲವನ್ನೂ ಒಟ್ಟಿಗೆ ಒತ್ತಬೇಡಿ.

ಮೊದಲನೇದು, ಫೋನ್. ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈ-ಫೈನಲ್ಲಿ ಯಾವುದಾದರೂ ಪೇಜ್ ತೆರೆಯಿರಿ. ತೆರೆದರೆ ಕೇಬಲ್‌ನವನದು ತಪ್ಪಿಲ್ಲ, ದೋಷ ಲ್ಯಾಪ್‌ಟಾಪ್‌ನಲ್ಲಿದೆ. ಫೋನ್‌ನಲ್ಲೂ ಬರಲಿಲ್ಲ ಅಂದ್ರೆ ಲ್ಯಾಪ್‌ಟಾಪ್ ಕೆದಕಬೇಡಿ, ರೌಟರ್ ಮತ್ತು ಲೈನ್ ನೋಡಿ.

ಎರಡನೇದು, ಪ್ರಾಕ್ಸಿ. ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅದರೊಳಗೆ ಪ್ರಾಕ್ಸಿ. "ಯೂಸ್ ಎ ಪ್ರಾಕ್ಸಿ ಸರ್ವರ್" ಆನ್ ಆಗಿದ್ದು, ವಿಳಾಸ 127.0.0.1 ಅಂತಿದ್ದರೆ ಅಲ್ಲೇ ನಿಲ್ಲಿ. ಆ ವಿಳಾಸ ಅಂದ್ರೆ ನಿಮ್ಮದೇ ಲ್ಯಾಪ್‌ಟಾಪ್. ಅಲ್ಲಿ ಕೂತಿದ್ದ ಪ್ರೋಗ್ರಾಂ ಹೋಗಿದೆ, ಬ್ರೌಸರ್ ಇನ್ನೂ ಅದರ ಬಾಗಿಲು ತಟ್ಟುತ್ತಿದೆ. ಕ್ರೋಮ್‌ನಲ್ಲಿ ಪ್ರಾಕ್ಸಿ ಸರ್ವರ್‌ದೇ ಏನೋ ತೊಂದರೆ ಅನ್ನೋ ಸಂದೇಶ ಬರೋದು ಇದಕ್ಕೇ. ಫೋಟೋ ತೆಗೆದುಕೊಂಡು ಆಫ್ ಮಾಡಿ. "ಸೆಟಪ್ ಸ್ಕ್ರಿಪ್ಟ್" ಅನ್ನೋದರಲ್ಲಿ ಗುರುತಿಲ್ಲದ ವಿಳಾಸ ಇದ್ದರೆ ಅದನ್ನೂ ಆಫ್ ಮಾಡಿ. ಫೈರ್‌ಫಾಕ್ಸ್ ಬಳಸೋರು ಅದರೊಳಗಿನ ಪ್ರಾಕ್ಸಿ ಸೆಟ್ಟಿಂಗ್ ಬೇರೆಯಾಗಿ ನೋಡಬೇಕು.

ಮೂರನೇದು, ಡಿಎನ್‌ಎಸ್. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಬರೆದು, ಜಾಗ ಬಿಟ್ಟು 8.8.8.8 ಹೊಡೆಯಿರಿ. ಆಮೇಲೆ ಪಿಂಗ್ ಜೊತೆ ಯಾವುದಾದರೂ ದೊಡ್ಡ ಸೈಟಿನ ಹೆಸರು. ಅಂಕಿಗೆ ಉತ್ತರ ಬಂದು, ಸೈಟಿನ ಹೆಸರೇ ಸಿಗಲಿಲ್ಲ ಅಂತ ಬಂದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಡಿಎನ್‌ಎಸ್ ಅಂದ್ರೆ ಹೆಸರು ಕೊಟ್ಟರೆ ನಂಬರ್ ಹೇಳೋ ಡೈರೆಕ್ಟರಿ. ವೈ-ಫೈ ಪ್ರಾಪರ್ಟೀಸ್‌ನಲ್ಲಿ ಯಾರೋ ಕೈಯಾರೆ ಹಾಕಿದ ಅಂಕಿಗಳಿದ್ದರೆ ಫೋಟೋ ತೆಗೆದು, ಆಟೋಮ್ಯಾಟಿಕ್‌ಗೆ ಬದಲಿಸಿ. ಫೋಟೋ ಯಾಕೆ ಅಂದ್ರೆ, ಕೆಲವು ಕಡೆ ಕೇಬಲ್ ಆಪರೇಟರೇ ಕನೆಕ್ಷನ್ ಕೊಡುವಾಗ ಅಂಕಿ ತುಂಬಿಸಿ ಹೋಗಿರ್ತಾರೆ. ತಪ್ಪಾಗಿ ಅಳಿಸಿದರೆ ವಾಪಸ್ ಹಾಕೋಕೆ ಬೇಕು.

ನಾಲ್ಕನೇದು, ವಿನ್‌ಸಾಕ್. ಪ್ರಾಕ್ಸಿ, ಡಿಎನ್‌ಎಸ್ ಎರಡೂ ಸರಿಯಿದ್ದು ಯಾವ ಪ್ರೋಗ್ರಾಂಗೂ ನೆಟ್ ಸಿಗದಿದ್ದರೆ ಇಲ್ಲಿಗೆ ಬನ್ನಿ. ಲ್ಯಾಪ್‌ಟಾಪ್‌ನ ಐಪಿ ವಿಳಾಸ 169.254 ಅಂತ ಶುರುವಾಗ್ತಿದ್ದರೂ ಇದನ್ನು ಪ್ರಯತ್ನಿಸಬಹುದು. ಕಮಾಂಡ್ ಪ್ರಾಂಪ್ಟನ್ನು "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಅಂತ ತೆರೆಯಿರಿ. ಎನ್, ಇ, ಟಿ, ಎಸ್, ಎಚ್ ಐದೂ ಅಕ್ಷರ ಸೇರಿಸಿ ಬರೆದು, ಜಾಗ ಬಿಟ್ಟು ವಿನ್‌ಸಾಕ್, ಜಾಗ ಬಿಟ್ಟು ರಿಸೆಟ್. ಎಂಟರ್ ಒತ್ತಿ, ರೀಸ್ಟಾರ್ಟ್ ಮಾಡಿ. ಸರಪಳಿ ಮೊದಲಿನ ಸ್ಥಿತಿಗೆ ಬರುತ್ತೆ. ಆ ಸರಪಳಿಗೆ ಸೇರಿಕೊಂಡಿದ್ದ ಒಳ್ಳೇ ಪ್ರೋಗ್ರಾಂಗಳೂ, ಉದಾಹರಣೆಗೆ ಕೆಲವು ವಿಪಿಎನ್‌ಗಳು, ಮತ್ತೆ ಇನ್‌ಸ್ಟಾಲ್ ಕೇಳಬಹುದು.

ಸೆಟ್ಟಿಂಗ್ಸ್‌ನಲ್ಲಿರೋ "ನೆಟ್‌ವರ್ಕ್ ರಿಸೆಟ್" ಕಡೆಯ ಅಸ್ತ್ರ. ಅದು ವೈ-ಫೈ ಪಾಸ್‌ವರ್ಡ್ ಮರೆಸುತ್ತೆ, ವಿಪಿಎನ್ ಹೊಂದಿಕೆ ಕೆಡಿಸಬಹುದು. ಬೆಳಿಗ್ಗೆ ಏಳಕ್ಕೆ ಲಾಗಿನ್ ಇರೋರು ರಾತ್ರಿ ಹನ್ನೆರಡಕ್ಕೆ ಅದನ್ನು ಮುಟ್ಟಬೇಡಿ. ಕ್ವಾರಂಟೈನ್‌ನಿಂದ ಆ ಸ್ಪೈವೇರನ್ನೇ ವಾಪಸ್ ಕರೆದು ನೆಟ್ ಬರಿಸಿಕೊಳ್ಳೋ ಬುದ್ಧಿವಂತಿಕೆಯಂತೂ ಬೇಡವೇ ಬೇಡ.

ನಮ್ಮ ಹುಡುಗನದು ಎರಡನೇ ಹೆಜ್ಜೆಯಲ್ಲೇ ಸಿಕ್ಕಿತು. 127.0.0.1. ಆಫ್ ಮಾಡಿದ, ಮೇಲ್ ತೆರೆದುಕೊಂಡಿತು. "ಆತು ಮಾಮಾ, ಮಲಗ್ತೀನಿ" ಅಂದ. ನಾನು, "ನಿಂದ್ರೋ, ಅಲ್ಲಿ ಕುಂತಾವ ಇಷ್ಟ ದಿನ ಏನೇನು ನೋಡ್ಯಾನ ಅಂತ ವಿಚಾರ ಮಾಡಿದ್ಯೇನು?" ಅಂದೆ. ಆ ಕಡೆ ಸದ್ದೇ ಇಲ್ಲ.

ಇವತ್ತಿನ ಮಾತಿನ ತಿರುಳು ಇದೇ. ನೆಟ್ ಎಲ್ಲಿ ಕಡಿದಿದೆಯೋ ಕಳ್ಳ ಕೂತಿದ್ದು ಬಹುಮಟ್ಟಿಗೆ ಅಲ್ಲೇ. ರಿಪೇರಿ ಮಾಡೋ ಆತುರದಲ್ಲಿ ಆ ಸಾಕ್ಷಿ ಅಳಿಸಿಬಿಡ್ತೀವಿ. ಅದಕ್ಕೇ ಪ್ರತಿ ಹೆಜ್ಜೆಯಲ್ಲೂ ಫೋಟೋ ತೆಗೀರಿ ಅಂದದ್ದು.

ಡಿಎನ್‌ಎಸ್ ಬದಲಾಗಿದ್ದರೆ, ನೀವು ಸರಿಯಾದ ವಿಳಾಸ ಬರೆದರೂ ನಕಲಿ ಸೈಟಿಗೆ ಕಳಿಸಿರಬಹುದು. ಡಿಎನ್‌ಎಸ್ ಚೇಂಜರ್ ಅನ್ನೋ ಮಾಲ್‌ವೇರ್ ನೂರಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ಹೀಗೆ ಮಾಡಿತ್ತು. 2011ರ ನವೆಂಬರ್‌ನಲ್ಲಿ ಎಸ್ಟೋನಿಯಾದಲ್ಲಿ ಆರು ಜನರ ಬಂಧನವಾಯಿತು. ಆದರೆ ಅವರ ಸರ್ವರ್‌ಗಳನ್ನು ಏಕಾಏಕಿ ನಿಲ್ಲಿಸಿದರೆ ಅಷ್ಟೂ ಜನರ ನೆಟ್ ಹೋಗ್ತಿತ್ತು! ಹಾಗಾಗಿ ಅವುಗಳ ಜಾಗದಲ್ಲಿ ಒಳ್ಳೇ ಸರ್ವರ್ ಇಟ್ಟು, ತಿಂಗಳುಗಟ್ಟಲೆ ಜನರಿಗೆ ತಿಳಿಸಿ, 2012ರ ಜುಲೈ 9ರಂದು ನಿಲ್ಲಿಸಿದರು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆದದ್ದರ ದೊಡ್ಡ ರೂಪ ಅದು.

ಪ್ರಾಕ್ಸಿ ಆಗಿದ್ದರೆ, ಬ್ರೌಸರ್‌ನ ಓಡಾಟವೆಲ್ಲ ಅದರ ಮೂಲಕ. ಬೀಗದ ಗುರುತಿರೋ ಸೈಟು ಸುರಕ್ಷಿತ ಅಲ್ವಾ ಅಂತ ಕೇಳ್ತೀರಿ. ಸ್ಪೈವೇರ್ ತನ್ನದೇ ರೂಟ್ ಸರ್ಟಿಫಿಕೇಟ್ ಕೂರಿಸಿದ್ದರೆ ಬೀಗ ಇದ್ದೂ ಇಲ್ಲದ ಹಾಗೆ. 2015ರಲ್ಲಿ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಸಿಕ್ಕಾಗ ಗೊತ್ತಾಗಿದ್ದು ಇದೇ. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಉಳಿದಿರ್ತಿತ್ತು. ಆದ್ದರಿಂದ ವಿಂಡೋಸ್‌ನ ಸರ್ಟಿಫಿಕೇಟ್ ಪಟ್ಟಿಯಲ್ಲಿ, ತೆಗೆದುಹಾಕಿದ ಪ್ರೋಗ್ರಾಂ ಹೆಸರಿನದ್ದು ಇದೆಯಾ ನೋಡಿ. ಗೊತ್ತಿಲ್ಲದ್ದನ್ನೆಲ್ಲ ಅಳಿಸಬೇಡಿ. ಅನುಮಾನ ಉಳಿದರೆ ಕಡತಗಳನ್ನು ಬ್ಯಾಕಪ್ ಮಾಡಿ ವಿಂಡೋಸ್ ಹೊಸದಾಗಿ ಹಾಕೋದೇ ನೆಮ್ಮದಿ.

ನೆಟ್ ಬಂದ ಮೇಲಿನ ಕೆಲಸ: ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಒಮ್ಮೆ ಓಡಿಸಿ. ಇಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಪುಕ್ಕಟೆ ಟೂಲ್ ಕೊಡ್ತಿದೆ, ಅದೂ ಇದೆ. ಪಾಸ್‌ವರ್ಡ್‌ಗಳನ್ನು ಆ ಲ್ಯಾಪ್‌ಟಾಪ್‌ನಿಂದಲ್ಲ, ಫೋನ್‌ನಿಂದ ಬದಲಿಸಿ. ಮೊದಲು ಮೇಲ್, ಆಮೇಲೆ ಬ್ಯಾಂಕ್. ಎಲ್ಲಾ ಕಡೆಯಿಂದ ಲಾಗ್ ಔಟ್ ಮಾಡೋ ಆಯ್ಕೆ ಒತ್ತಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕಡೆಯ ಮಾತು ಆಫೀಸಿನದ್ದು. ಕಂಪನಿ ಲ್ಯಾಪ್‌ಟಾಪ್ ಆಗಿದ್ದರೆ ಮೇಲಿನ ಯಾವ ಹೆಜ್ಜೆಯನ್ನೂ ನೀವು ಮಾಡಬೇಡಿ. ಅಲ್ಲಿ ಪ್ರಾಕ್ಸಿ, ಸರ್ಟಿಫಿಕೇಟ್ ಎಲ್ಲ ಕಂಪನಿಯೇ ಇಟ್ಟಿರುತ್ತೆ. ಐಟಿ ಟೀಮಿಗೆ ಹೇಳಿ. ಸ್ವಂತದ್ದಾಗಿದ್ದು ಆಫೀಸ್ ಮೇಲ್ ತೆರೆದಿದ್ದರೂ ಹೇಳಿ. 2022ರ ಏಪ್ರಿಲ್‌ನ ಸರ್ಟ್-ಇನ್ ನಿರ್ದೇಶನದ ಪ್ರಕಾರ, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ನೀವು ನಾಲ್ಕು ದಿನ ಮುಚ್ಚಿಟ್ಟರೆ ಅವರು ಏನು ಮಾಡ್ತಾರೆ?

ಪ್ರೊಬೇಷನ್ ಹುಡುಗನಿಗೆ ಇದು ಸುಲಭ ಅಲ್ಲ ಅಂತ ನನಗೂ ಗೊತ್ತು. ಊರಿಗೆ ದುಡ್ಡು ಕಳಿಸಬೇಕು, ಮನೆ ಡಿಪಾಸಿಟ್ ಸಾಲ ತೀರಿಲ್ಲ. "ಕೆಲಸಾ ಹೋದ್ರ, ಮಾಮಾ?" ಅಂತ ಅವನು ಕೇಳಿದಾಗ ಹೋಗಲ್ಲ ಅಂತ ಮಾತು ಕೊಡೋಕೆ ನಾನ್ಯಾರು? ತಾನಾಗಿ ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ವ್ಯತ್ಯಾಸ ಇದೆ ಅಂತಷ್ಟೇ ಹೇಳಿದೆ. ಬೆಳಿಗ್ಗೆ ಲಾಗಿನ್‌ಗೆ ಮುಂಚೆ ಟೀಮ್ ಲೀಡ್‌ಗೆ ಫೋನ್ ಮಾಡಿ, ಫೋಟೋ ಕಳಿಸಿದ. ಅವರು ಹತ್ತು ನಿಮಿಷ ಬೈದರು, ಅವನ ಅಕೌಂಟ್ ನಿಲ್ಲಿಸಿ ಪಾಸ್‌ವರ್ಡ್ ಬದಲಿಸಿದರು. ವಾರದೊಳಗೆ ಕಂಪನಿ ಲ್ಯಾಪ್‌ಟಾಪ್ ಕೈಗೆ ಬಂತು. ಕೆಲಸ ಉಳಿದಿದೆ.

ನಿಮ್ಮ ರೂಮ್‌ಮೇಟ್‌ಗೆ, ಹೊಸದಾಗಿ ಊರಿಂದ ಬಂದವರಿಗೆ ಇದನ್ನು ಕಳಿಸಿ. ಮುಂದಿನ ವಾರ ರೌಟರ್ ಪಾಸ್‌ವರ್ಡ್ ಬಗ್ಗೆ ಮಾತಾಡೋಣ. ಅಲ್ಲಿವರೆಗೆ, ಪುಕ್ಕಟೆ ಪಿಡಿಎಫ್ ಕನ್ವರ್ಟರ್ ಕಂಡರೆ ಸ್ವಲ್ಪ ದೂರ ಇರಿ.