ಗುಂಡಿ ಒತ್ತಿದ ಮೇಲೆ ಪರದೆ ಯಾಕೆ ಕಪ್ಪಾಗುತ್ತದೆ?

ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ದುಡಿಯುವ ಅನೇಕರ ಮೇಜಿನ ಮೇಲೆ ಈಗ ಎರಡೆರಡು ಲ್ಯಾಪ್‌ಟಾಪ್. ಒಂದು ಸಂಬಳ ಕೊಡುವ ಕಂಪನಿಯದು, ಇನ್ನೊಂದು ಕ್ಲೈಂಟ್ ಕೊಟ್ಟದ್ದು. ಹಾಜರಿ, ರಜೆ, ಕಂಪನಿಯ ಮೇಲ್ ಮೊದಲನೆಯದರಲ್ಲಿ; ಕೋಡಿಂಗ್ ಮತ್ತು ಮೀಟಿಂಗ್ ಎರಡನೆಯದರಲ್ಲಿ. ಇದರ ಫೈಲ್ ಅದಕ್ಕೆ ಹೋಗುವಂತಿಲ್ಲ, ಅದರದ್ದು ಇದಕ್ಕೆ ಬರುವಂತಿಲ್ಲ. ಮನೆಯಲ್ಲಿ ಮಾನಿಟರ್, ಕೀಬೋರ್ಡ್, ಮೌಸ್ ಮಾತ್ರ ಒಂದೊಂದೇ. ಕೇಬಲ್ ಕಿತ್ತು ಕಿತ್ತು ಚುಚ್ಚಿ ಬೇಸತ್ತವರು ಕೊನೆಗೆ ಒಂದು ಕೆವಿಎಂ ಸ್ವಿಚ್ ತರುತ್ತಾರೆ. ಅಂಗೈಯಗಲದ ಡಬ್ಬಿ, ಮೇಲೊಂದು ಗುಂಡಿ.

ಗುಂಡಿ ಒತ್ತಿದರೆ ಮೂರೂ ಸಾಧನಗಳು ಒಟ್ಟಿಗೆ ಈ ಲ್ಯಾಪ್‌ಟಾಪ್ ಬಿಟ್ಟು ಆ ಲ್ಯಾಪ್‌ಟಾಪಿಗೆ ಹೋಗಬೇಕು. ಹೋಗುತ್ತವೆ, ಆದರೆ ಲೈಟಿನ ಸ್ವಿಚ್ ಹಾಕಿದ ಹಾಗೆ ತಟ್ಟನೆ ಅಲ್ಲ. ಪರದೆ ಕಪ್ಪಾಗಿ ಕೆಲವು ಸೆಕೆಂಡು ಹಾಗೇ ನಿಲ್ಲುತ್ತದೆ. ಚಿತ್ರ ಬಂದ ಮೇಲೂ ಮೊದಲು ಒತ್ತಿದ ಒಂದೆರಡು ಅಕ್ಷರ ಮೂಡುವುದಿಲ್ಲ. ಹಿಂದಿನ ಲ್ಯಾಪ್‌ಟಾಪಿಗೆ ಮರಳಿದರೆ, ದೊಡ್ಡ ಪರದೆಯ ತುಂಬ ಜೋಡಿಸಿಟ್ಟಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಡಬ್ಬಿ ಕೆಟ್ಟಿದೆ ಎಂದು ವಾಪಸ್ ಕಳಿಸುವವರೂ ಇದ್ದಾರೆ. ಡಬ್ಬಿ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಪರದೆ ಕಪ್ಪಾಗಿರುವ ಆ ಹೊತ್ತಿನಲ್ಲಿ ತಂತಿಗಳಲ್ಲಿ ಒಂದಷ್ಟು ಪ್ರಶ್ನೋತ್ತರ ನಡೆಯುತ್ತಿರುತ್ತದೆ. ಅದೇನೆಂದು ಗೊತ್ತಾದರೆ ಯಾವ ಡಬ್ಬಿಗೆ ದುಡ್ಡು ಹಾಕಬೇಕು ಎನ್ನುವುದೂ ಗೊತ್ತಾಗುತ್ತದೆ.

ಮೊದಲು ಕೀಬೋರ್ಡ್. 1996ರಲ್ಲಿ ಬಂದ ಯುಎಸ್‌ಬಿ ವ್ಯವಸ್ಥೆಯಲ್ಲಿ ಯಜಮಾನ ಒಬ್ಬನೇ, ಅದು ಕಂಪ್ಯೂಟರ್. ಕೀಲಿ ಒತ್ತಿದ ಕೂಡಲೇ ಕೀಬೋರ್ಡ್ ತಾನಾಗಿ ಏನನ್ನೂ ಕಳಿಸುವುದಿಲ್ಲ. ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ‘ಏನಾದರೂ ಇದೆಯೇ?’ ಎಂದು ಕೇಳುತ್ತಲೇ ಇರುತ್ತದೆ, ಕೇಳಿದಾಗಷ್ಟೇ ಉತ್ತರ. ಸಾಮಾನ್ಯ ಕೀಬೋರ್ಡಿನ ಉತ್ತರ ಎಂಟೇ ಬೈಟ್. ಶಿಫ್ಟ್, ಕಂಟ್ರೋಲ್‌ನಂಥ ಕೀಲಿಗಳಿಗೆ ಮೊದಲ ಬೈಟ್, ಎರಡನೆಯದು ಖಾಲಿ, ಉಳಿದ ಆರು ಒತ್ತಿರುವ ಕೀಲಿಗಳ ಸಂಕೇತಸಂಖ್ಯೆಗಳಿಗೆ. ಎಡಗಡೆಯ ಶಿಫ್ಟ್ ಹಿಡಿದು ‘ಕೆ’ ಕೀಲಿ ಒತ್ತಿದರೆ ತಂತಿಯಲ್ಲಿ ಹೋಗುವುದು 2, 0, 14, ಆಮೇಲೆ ಐದು ಸೊನ್ನೆ. ಇದರಲ್ಲಿ ಯಾವ ಭಾಷೆಯೂ ಇಲ್ಲ. ಆ 14 ಇಂಗ್ಲಿಷಿನ ದೊಡ್ಡ ‘ಕೆ’ಯೋ ಕನ್ನಡದ ‘ಖ’ವೋ ಎಂದು ತೀರ್ಮಾನಿಸುವುದು ಕಂಪ್ಯೂಟರ್. ಹಾಗಾಗಿಯೇ ಒಂದೇ ಕೀಬೋರ್ಡ್ ಒಂದು ಲ್ಯಾಪ್‌ಟಾಪಿನಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಮೂಡಿಸಬಲ್ಲದು. ಸ್ವಿಚ್ಚಿಗೆ ಅದರ ಗೊಡವೆಯೇ ಇಲ್ಲ.

ಆದರೆ ಈ ಕೇಳಿ ಹೇಳುವ ಕೆಲಸ ಶುರುವಾಗಬೇಕಾದರೆ ಮೊದಲು ಪರಿಚಯವಾಗಬೇಕು. ಕೀಬೋರ್ಡ್ ಸಿಕ್ಕಿಸಿದಾಗ ಅದರೊಳಗಿನ ಒಂದು ರೆಸಿಸ್ಟರ್ ಡೇಟಾ ತಂತಿಯ ವೋಲ್ಟೇಜನ್ನು ಮೇಲೆತ್ತುತ್ತದೆ. ಯಾರೋ ಬಂದಿದ್ದಾರೆ ಎಂದು ಕಂಪ್ಯೂಟರಿಗೆ ತಿಳಿಯುವುದು ಅದರಿಂದ. ಆಗ ಅದು ಸಾಧನವನ್ನು ರೀಸೆಟ್ ಮಾಡಿ, 1ರಿಂದ 127ರೊಳಗಿನ ಒಂದು ವಿಳಾಸ ಕೊಟ್ಟು, ತಯಾರಿಸಿದವರು ಯಾರು, ಯಾವ ಬಗೆಯ ಸಾಧನ, ಎಷ್ಟು ಕರೆಂಟ್ ಬೇಕು ಎಂದೆಲ್ಲ ವಿಚಾರಿಸಿ, ಕಡೆಗೆ ಡ್ರೈವರ್ ಹಚ್ಚುತ್ತದೆ. ಅಗ್ಗದ ಸ್ವಿಚ್ ಮಾಡುವುದು ತಂತಿಯನ್ನು ಇಲ್ಲಿ ಕಿತ್ತು ಅಲ್ಲಿ ಚುಚ್ಚುವ ಕೆಲಸವನ್ನೇ. ಪ್ರತಿ ಸಲವೂ ಇಷ್ಟೂ ವಿಚಾರಣೆ ಮೊದಲಿನಿಂದ ಆಗಬೇಕು. ಕಳೆದುಹೋದ ಅಕ್ಷರಗಳು ಕಳೆದುಹೋದದ್ದು ಆ ನಡುವೆ.

ಚೆನ್ನಾಗಿರುವ ಸ್ವಿಚ್‌ಗಳು ಇದಕ್ಕೊಂದು ಸೊಗಸಾದ ಉಪಾಯ ಮಾಡುತ್ತವೆ. ಅವುಗಳೊಳಗಿನ ಚಿಪ್ ಎರಡೂ ಲ್ಯಾಪ್‌ಟಾಪಿಗೆ ‘ನಾನೇ ಕೀಬೋರ್ಡ್, ನಾನೇ ಮೌಸ್’ ಎಂದು ಸದಾ ಉತ್ತರಿಸುತ್ತಿರುತ್ತದೆ. ನಿಜವಾದ ಕೀಬೋರ್ಡ್ ಈಗ ಯಾರ ಕಡೆಗಿದೆ ಎನ್ನುವುದು ಲ್ಯಾಪ್‌ಟಾಪಿಗೆ ತಿಳಿಯುವುದೇ ಇಲ್ಲ, ಆದ್ದರಿಂದ ಹೊಸ ಪರಿಚಯವೂ ಬೇಕಿಲ್ಲ. ತೊಂದರೆ ಒಂದಿದೆ. ಚಿಪ್‌ಗೆ ಗೊತ್ತಿರುವುದು ಸಾಮಾನ್ಯ ಕೀಬೋರ್ಡಿನ ನಡವಳಿಕೆ ಮಾತ್ರ. ಹೆಚ್ಚುವರಿ ಬಟನ್‌ಗಳ ಮೌಸ್, ತನ್ನದೇ ಸಾಫ್ಟ್‌ವೇರ್ ಬೇಡುವ ಕೀಬೋರ್ಡ್ ಇದ್ದರೆ ಆ ವಿಶೇಷಗಳು ಆಚೆ ದಾಟದೆ ಹೋಗಬಹುದು. ಅಂಥವು ಇರುವವರು ಕೊಳ್ಳುವ ಮುಂಚೆ ಕೇಳಿ ತಿಳಿಯುವುದು ಒಳ್ಳೆಯದು.

ಮಾನಿಟರಿನ ಕಥೆ ಇನ್ನೂ ಸ್ವಾರಸ್ಯದ್ದು. ಪ್ರತಿ ಮಾನಿಟರಿನಲ್ಲೂ ಇಡಿಐಡಿ ಎಂಬ ಪುಟ್ಟ ದಾಖಲೆ ಇರುತ್ತದೆ. ಅದರ ಮೂಲಭಾಗ ಬರೇ 128 ಬೈಟ್. ವೆಸಾ ಸಂಸ್ಥೆ ಈ ಪದ್ಧತಿ ತಂದದ್ದು 1994ರಲ್ಲಿ. ಮೊದಲ ಎಂಟು ಬೈಟ್ ಯಾವ ಮಾನಿಟರಿನಲ್ಲಾದರೂ ಒಂದೇ: ಒಂದು 0, ಆರು 255, ಮತ್ತೊಂದು 0. ಮುಂದೆ ತಯಾರಕರ ಮೂರಕ್ಷರದ ಸಂಕೇತ, ಮಾದರಿಯ ಸಂಖ್ಯೆ, ತಯಾರಾದ ವರ್ಷ, ಪರದೆಯ ಉದ್ದಗಲ, ತೋರಿಸಬಲ್ಲ ರೆಸಲ್ಯೂಷನ್‌ಗಳು. ಕಡೆಯ ಬೈಟನ್ನು, 128 ಬೈಟ್‌ಗಳ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗುವಂತೆ ಹೊಂದಿಸಿರುತ್ತಾರೆ. ಓದುವಾಗ ತಪ್ಪಾದರೆ ಗೊತ್ತಾಗಲಿ ಎಂದು. ಇದನ್ನು ಓದದೆ ಲ್ಯಾಪ್‌ಟಾಪಿಗೆ ಎಂಥ ಚಿತ್ರ ಕಳಿಸಬೇಕೆಂದು ಗೊತ್ತಾಗುವುದಿಲ್ಲ.

ಎಚ್‌ಡಿಎಂಐ ಕನೆಕ್ಟರಿನಲ್ಲಿ 19 ಪಿನ್. 18ನೆಯದರಲ್ಲಿ ಲ್ಯಾಪ್‌ಟಾಪ್ 5 ವೋಲ್ಟ್ ಕೊಡುತ್ತದೆ. ಮಾನಿಟರ್ ‘ನಾನಿದ್ದೇನೆ’ ಎಂದು ತಿಳಿಸುವುದು 19ನೆಯದರಲ್ಲಿ. ಸ್ವಿಚ್ ಇದನ್ನು ಕಡಿದ ಕ್ಷಣ, ಬಿಟ್ಟುಹೋದ ಲ್ಯಾಪ್‌ಟಾಪಿನ ಪಾಲಿಗೆ ಮಾನಿಟರ್ ಇಲ್ಲ. ಅದು ವಿಂಡೋಗಳನ್ನೆಲ್ಲ ತನ್ನ ಪರದೆಗೆ ಎಳೆದುಕೊಳ್ಳುವುದು ಆಗಲೇ. ಮರಳಿದಾಗ ಇಡಿಐಡಿ ಓದು ಮತ್ತೆ, ಸಂಕೇತಕ್ಕೆ ಮಾನಿಟರ್ ಹೊಂದಿಕೊಳ್ಳುವುದು ಮತ್ತೆ. ಮಾನಿಟರಿನ ಇಡಿಐಡಿಯನ್ನು ನಕಲು ಮಾಡಿಟ್ಟುಕೊಂಡು, ಅದು ಬೇರೆಡೆಗಿದ್ದಾಗಲೂ 19ನೇ ಪಿನ್ನನ್ನು ಎತ್ತಿ ಹಿಡಿಯುವ ಸ್ವಿಚ್‌ಗಳಿವೆ. ವಿವರಗಳಲ್ಲಿ ‘ಇಡಿಐಡಿ ಎಮ್ಯುಲೇಷನ್’ ಎಂದಿದೆಯೇ ನೋಡಿ. ನನ್ನ ಮಟ್ಟಿಗೆ ಹೆಚ್ಚು ಬೆಲೆ ತೆರಲು ಯೋಗ್ಯವಾದ ಗುಣ ಇದೊಂದೇ.

ವೇಗವನ್ನೂ ನೋಡಬೇಕು. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಅಂದರೆ ಸುಮಾರು 83 ಲಕ್ಷ ಚುಕ್ಕೆ. ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ: ಹೆಚ್ಚುಕಡಿಮೆ 1200 ಕೋಟಿ ಬಿಟ್. ಅಂಚಿನ ಬಿಡುವು, ಸಂಕೇತಕ್ಕೆ ಬೇಕಾದ ಹೆಚ್ಚಿನ ಬಿಟ್ ಸೇರಿ ತಂತಿಯಲ್ಲಿ ಹೋಗುವುದು 1782 ಕೋಟಿ. ಎಚ್‌ಡಿಎಂಐ 1.4ರ ಮಿತಿ 1020 ಕೋಟಿ, 2.0ರದು 1800 ಕೋಟಿ. ಹಾಗಾಗಿ 1.4ರ ಡಬ್ಬಿಯಲ್ಲಿ 4ಕೆ ಬಂದರೂ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರವೇ. ಮೌಸ್ ಜಡವಾದಂತೆ ಅನಿಸುತ್ತದೆ.

ಇನ್ನೂ ಸರಳ ದಾರಿಯೊಂದಿದೆ, ಅದೇ ನನಗೆ ಮೆಚ್ಚು. ಮಾನಿಟರಿಗೆ ಎರಡು ಇನ್‌ಪುಟ್ ಇದ್ದರೆ ಎರಡೂ ಲ್ಯಾಪ್‌ಟಾಪನ್ನು ನೇರ ಅದಕ್ಕೇ ಸಿಕ್ಕಿಸಿ, ಕೀಬೋರ್ಡ್ ಮೌಸ್‌ಗೆ ಮಾತ್ರ ಒಂದು ಯುಎಸ್‌ಬಿ ಸ್ವಿಚ್ ಇಡುವುದು. ಚಿತ್ರದ ಕೋಟ್ಯಂತರ ಬಿಟ್‌ಗಳು ನಡುವಿನ ಡಬ್ಬಿಯನ್ನು ಹಾಯಬೇಕಿಲ್ಲ. ಒತ್ತಬೇಕಾದ ಗುಂಡಿ ಎರಡಾಗುತ್ತದೆ, ಅಷ್ಟೇ. ಮಾನಿಟರಿನೊಳಗೇ ಕೆವಿಎಂ ಇರುವ ಮಾದರಿಗಳೂ ಈಗ ಸಿಗುತ್ತವೆ. ಸಿನರ್ಜಿಯಂಥ ಸಾಫ್ಟ್‌ವೇರ್ ಒಂದೇ ಮೌಸನ್ನು ನೆಟ್‌ವರ್ಕ್ ಮೂಲಕ ಎರಡೂ ಕಡೆ ಓಡಿಸಬಲ್ಲದು, ಆದರೆ ಎರಡೂ ಯಂತ್ರದಲ್ಲಿ ಅದನ್ನು ಹಾಕಬೇಕು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಅನುಮತಿ ಸಿಗುವುದು ಅಪರೂಪ.

ಇಷ್ಟೆಲ್ಲ ಹಂಚಿಕೊಂಡಾಗ ಮಾಹಿತಿಯೂ ಹಂಚಿಹೋಗುತ್ತದೆಯೇ? ಸ್ವಿಚ್ಚಿನ ಪಕ್ಕದ ಯುಎಸ್‌ಬಿ ಪೋರ್ಟಿನಲ್ಲಿ ಪೆನ್‌ಡ್ರೈವ್ ಬಿಟ್ಟಿದ್ದರೆ ಗುಂಡಿ ಒತ್ತಿದಾಗ ಅದೂ ಆಚೆ ಹೋಗುತ್ತದೆ, ಕಂಪನಿಯ ನಿಯಮ ಆ ಒಂದು ಒತ್ತಿಗೆ ಮುರಿಯಬಹುದು. ಅಲ್ಲಿ ಏನನ್ನೂ ಸಿಕ್ಕಿಸದಿರುವುದೇ ಲೇಸು. ಗುಟ್ಟು ಕಾಯಲೇಬೇಕಾದ ಕಚೇರಿಗಳಿಗೆಂದೇ ತಯಾರಾಗುವ ಸುರಕ್ಷಿತ ಕೆವಿಎಂಗಳು ಇನ್ನೂ ಸೂಕ್ಷ್ಮದ ಒಂದು ದಾರಿಯನ್ನು ಮುಚ್ಚುತ್ತವೆ. ಕ್ಯಾಪ್ಸ್ ಲಾಕ್ ದೀಪ ಹೊತ್ತಿಸಲು ಆಜ್ಞೆ ಬರುವುದು ಕಂಪ್ಯೂಟರಿನಿಂದ ಕೀಬೋರ್ಡಿನ ಕಡೆಗೆ. ಅಂದರೆ ಆ ಕಡೆಯಿಂದಲೂ ಬಿಟ್ ಹರಿಯುತ್ತದೆ. ದುರುದ್ದೇಶದ ಪ್ರೋಗ್ರಾಂ ಒಂದು ಯಂತ್ರದಿಂದ ಕೀಬೋರ್ಡಿಗೆ ಗುಟ್ಟು ಇಳಿಸಿ, ಇನ್ನೊಂದು ಯಂತ್ರಕ್ಕೆ ಏರಿಸಲು ಇಷ್ಟು ಸಂದು ಸಾಕು. ಆದ್ದರಿಂದ ಅಂಥ ಸ್ವಿಚ್‌ಗಳು ಕೀಬೋರ್ಡಿನಿಂದ ಕಂಪ್ಯೂಟರಿನ ಕಡೆಗೆ ಮಾತ್ರ ಮಾಹಿತಿ ಬಿಡುತ್ತವೆ. ಹಲವು ಮಾದರಿಗಳಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಕೀಬೋರ್ಡಿನ ದೀಪ ಮಾತ್ರ ಹೊತ್ತುವುದಿಲ್ಲ.